ಅಕ್ಕನ ಹನ್ನೊಂದು ಗುಂಪುಗಳು

ಏನೂ ಹೇಳಲಿಲ್ಲ, ಅಂದರೆ ಆಯಿತು, ಈ ಕಪ್ಪು ಪರದೆಯ ಸ್ವಭಾವವೇ ಹಾಗೆ, ಕೆಲಸ ಕೆಟ್ಟರೆ ಬೈಗುಳ, ನೆಟ್ಟಗಾದರೆ ಮೌನ, ನಮ್ಮಮ್ಮನಿಗೆ ತದ್ವಿರುದ್ಧ, ಅಮ್ಮ ಬೈಯುತ್ತಿದ್ದರೆ ಮನೆ ಕ್ಷೇಮ, ಸುಮ್ಮನಾದರೆ ನಾನೂ ಅಪ್ಪನೂ ಮುಖ ಮುಖ ನೋಡಿಕೊಂಡು ಯಾರ ತಪ್ಪಿರಬಹುದೆಂದು ಹುಡುಕಬೇಕು — ಯೂಸರ್‌ಮಾಡ್, ಎಂಥ ವಿಧೇಯ ಆಜ್ಞೆ, ಹೆಸರಿನಲ್ಲೇ ಮಾಡ್ ಅಂತಿದೆ, ಮಾಡು ಅಂದರೆ ಮಾಡುತ್ತದೆ, ಯಾಕೆ ಅಂತ ಕೇಳುವುದಿಲ್ಲ, ರಕ್ತಪರೀಕ್ಷೆಯ ಅಕ್ಕನನ್ನು ಮಕ್ಕಳ ವಾರ್ಡಿನ ಗುಂಪಿಗೆ ಸೇರಿಸು ಅಂದೆ, ಸೇರಿಸಿತು, ಅಲ್ಲಿಗೆ ನಿನ್ನೆ ಬಂದ ಹೊಸ ನರ್ಸನ್ನೂ ಸೇರಿಸು ಅಂದೆ, ಸೇರಿಸಿತು, ಇನ್ನು ಆ ಮಕ್ಕಳ ವರದಿಗಳನ್ನು ಅಕ್ಕ ತಮ್ಮ ಕುರ್ಚಿಯಿಂದಲೇ ಕಳಿಸಬಹುದು, ಯಾವ ಗುಂಪಿನಲ್ಲಿ ಹೆಸರಿದೆಯೋ ಆ ವಿಭಾಗದ ಫೈಲಷ್ಟೇ ಇಲ್ಲಿ ತೆರೆಯುವುದು, ನನಗೆ ಈ ಕೆಲಸ ಕಲಿಸುವ ಗುರುಗಳು ರಜೆಗೆ ಹೋಗಿ ಮೂರು ದಿನ, ಇಡೀ ಆಸ್ಪತ್ರೆಯ ಕಂಪ್ಯೂಟರುಗಳಿಗೆ ನಾನೊಬ್ಬನೇ ಯಜಮಾನ, ತಣ್ಣಗಿನ ಕೋಣೆ, ಯಂತ್ರಗಳ ಗುಂಯ್ ಎನ್ನುವ ಜೋಗುಳ, ಸ್ವರ್ಗಕ್ಕೆ ಮೂರೇ ಗೇಣು — ಆದರೂ ಒಮ್ಮೆ ನೋಡಿಬಿಡೋಣ, ಅಕ್ಕ ಯಾವ ಯಾವ ಗುಂಪಿನಲ್ಲಿದ್ದಾರೆ, ಗ್ರೂಪ್ಸ್ ಎಂದು ಒತ್ತಿದೆ, ಎರಡೇ ಪದ. ಅವರ ಸ್ವಂತ ಹೆಸರು, ಮಕ್ಕಳ ವಾರ್ಡು, ಅಷ್ಟೇ. ಬೆಳಿಗ್ಗೆ ನೋಡಿದಾಗ ಒಂದೂವರೆ ಸಾಲು ತುಂಬಿತ್ತು, ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದೊಂದಾಗಿ ಅಂಟಿಕೊಂಡದ್ದು, ಯಾವುದು ಯಾವುದು ಅಂತ ನಾನು ಓದಿದೆನೇ, ಇಲ್ಲ, ಉದ್ದವಿದೆ ಅಂದುಕೊಂಡೆ ಅಷ್ಟೇ — ಅಯ್ಯಯ್ಯೋ, ಎ, ಆ ಚಿಕ್ಕ ಎ ಎಲ್ಲಿ, ಮೇಲಿನ ಸಾಲಿನಲ್ಲಿ ದೊಡ್ಡ ಜಿ ಒಂದೇ ನಿಂತಿದೆ ಬೀದಿ ಬಸವನ ಹಾಗೆ, ಗುರುಗಳು ಮೂಗಿನಲ್ಲಿ ಹೇಳಿದ್ದರಲ್ಲ, ನೋಡಯ್ಯಾ, ಈ ದೊಡ್ಡ ಜೀನ ಒಂಟಿಯಾಗಿ ಆಚೆ ಬಿಡ್ಬೇಡ, ಚಿಕ್ಕ ಎ ಕೈ ಹಿಡ್ಕೊಂಡೇ ಹೋಗ್ಬೇಕು, ಎ ಇದ್ರೆ ಇರೋದ್ರ ಜೊತೆಗೆ ಇದನ್ನೂ ಸೇರ್ಸು ಅಂತ, ಇಲ್ದಿದ್ರೆ ಇದೊಂದನ್ನ ಇಟ್ಟು ಮಿಕ್ಕಿದ್ದೆಲ್ಲ ಕಿತ್ತಾಕು ಅಂತ; ಅವತ್ತೇ ಕ್ಯಾಂಟೀನಿನಲ್ಲಿ ಅದನ್ನು ಅವರ ಹಾಗೇ ಹೇಳಿ ಎಲ್ಲರನ್ನೂ ನಗಿಸಿದ್ದೆ, ಮೂಗು ಕಲಿತೆ, ಮಾತು ಬಿಟ್ಟೆ.

ಹಳೆಯ ಪಟ್ಟಿಯ ಒಂದು ಪ್ರತಿಯನ್ನು ಯಂತ್ರ ಇಟ್ಟುಕೊಂಡಿರುತ್ತದೆ, ಒಂದೇ ಒಂದು, ಆಮೇಲೆ ನರ್ಸನ್ನು ಸೇರಿಸಿದಾಗ ಅದೂ ಅಳಿದು ಹೊಸದು ಕೂತುಬಿಟ್ಟಿದೆ, ನರ್ಸಿಗಾದರೆ ಕಳೆದುಕೊಳ್ಳಲು ಹಳೆಯ ಗುಂಪೇ ಇರಲಿಲ್ಲ, ದಿನದಿನದ ಪ್ರತಿಗಳು ಗುರುಗಳ ಬೀಗದೊಳಗೆ, ಫೋನು ಮಾಡಿದರೆ ಏನಯ್ಯಾ, ಮೂರೇ ದಿನಕ್ಕೇ, ಎಂದು ಆ ಮೂಗು ಉದ್ದವಾಗುತ್ತದೆ, ಮುಂದಿನ ರಜೆಗೆ ಯಜಮಾನಿಕೆ ಬೇರೆಯವರಿಗೆ, ಇಲ್ಲಿ ಕೂತೇ ಪತ್ತೆ ಹಚ್ಚುವ ಉಪಾಯವೂ ಉಂಟಂತೆ, ಅದು ಅವರಿಗೆ ಗೊತ್ತು, ನನಗೆ ಗೊತ್ತಿರುವುದು ಒಂದೇ — ಒಳಗೆ ಬರುವಾಗ ಕೈಗೆ ಸಿಕ್ಕ ಚೀಟಿ ಹೊರಗೆ ಹೋಗುವ ತನಕ ನಡೆಯುತ್ತದೆ, ಅಕ್ಕ ಬೆಳಿಗ್ಗೆ ಏಳಕ್ಕೆ ಲಾಗಿನ್ ಆದವರು, ಅವರ ಪರದೆ ಇನ್ನೂ ಆ ಒಂದೂವರೆ ಸಾಲನ್ನು ನಂಬಿಕೊಂಡಿದೆ, ಹನ್ನೆರಡಕ್ಕೆ ಊಟಕ್ಕೇಳುವಾಗ ಲಾಗೌಟ್, ಅಲ್ಲಿಗೆ ಮುಗಿಯಿತು, ಊಟವಾಗಿ ಬಂದರೆ ತುರ್ತು ಘಟಕದ ಫೈಲೂ ತೆರೆಯದು, ಹನ್ನೊಂದು ಐವತ್ತೆರಡು, ಅಕ್ಕನಿಗೆ ಮಾಡಿದ ಫೋನು ಸುಮ್ಮನೆ ಹೊಡೆದುಕೊಳ್ಳುತ್ತಿದೆ, ಗ್ಲೌಸ್ ಹಾಕಿದ ಕೈಯಲ್ಲಿ ಅಕ್ಕ ಫೋನು ಮುಟ್ಟುವುದಿಲ್ಲ, ಓಡು, ಮೆಟ್ಟಿಲು, ಫಿನಾಯಿಲಿನ ವಾಸನೆ, ನೆಲ ಒರೆಸುವಾಕೆಯ ಕೂಗು, ಏ ಕಂಪ್ಯೂಟರಪ್ಪಾ, ಈಗಷ್ಟೇ ಒರ್ಸಿದೀನಿ, ಹಾರ್ಕೊಂಡು ಹೋಗು, ಹಾರಿದೆ, ಮೊಣಕೈಗೆ ಹತ್ತಿ ಒತ್ತಿಕೊಂಡ ಪುಟ್ಟಿಯೊಬ್ಬಳು ನನ್ನನ್ನು ನೋಡಿ ನಕ್ಕಳು, ಇವನಿಗೆ ನನಗಿಂತ ದೊಡ್ಡ ಸೂಜಿ ಕಾದಿದೆ ಅಂದುಕೊಂಡಿರಬೇಕು, ಬಾಗಿಲು ತಳ್ಳಿದೆ, ಅಕ್ಕ ಎದ್ದು ನಿಂತಿದ್ದಾರೆ, ಊಟದ ಚೀಲ ಹೆಗಲಿಗೇರಿದೆ, ನೀಲಿ ಗ್ಲೌಸಿನ ಬೆರಳು ಕೀಲಿಯ ಮೇಲೆ ಇಳಿಯುತ್ತಿದೆ — ಅಕ್ಕಾ ಮುಟ್ಬೇಡಿ!

ಬೆರಳು ಗಾಳಿಯಲ್ಲೇ ನಿಂತಿತು. ಯಾಕೋ, ಬಾಂಬ್ ಇಟ್ಟಿದ್ದಾರಾ? ಗುರುಗಳ ಗತ್ತಿನಲ್ಲಿ ಸಣ್ಣ ತಪಾಸಣೆ ಅಂದುಬಿಡಲೇ, ಬಾಯಿ ತೆರೆದರೆ ಮೂಗು ಬರಲಿಲ್ಲ, ಸತ್ಯ ಬಂತು, ಎ ಮರೆತದ್ದು, ಜಿ ನುಂಗಿದ್ದು, ಎಲ್ಲ. ಅಂದ್ರೆ ನನ್ನನ್ನ ಎಲ್ಲಾ ಕಡೆಯಿಂದ ಕಿತ್ತುಹಾಕಿದೀಯ, ನಿವೃತ್ತಿಗೆ ಇನ್ನೂ ಆರು ವರ್ಷ ಇದೆ ಕಣೋ, ಎನ್ನುತ್ತ ಕೂತರು, ನಕ್ಕರೋ ಗದರಿದರೋ ಮಾಸ್ಕಿನೊಳಗೆ ಗೊತ್ತಾಗಲಿಲ್ಲ, ನಮ್ಮದು ರಕ್ತಸಂಬಂಧವಲ್ಲ, ರಕ್ತಪರೀಕ್ಷೆಯ ಸಂಬಂಧ, ಎಷ್ಟು ಕ್ಷಮೆ ಸಿಗುತ್ತದೋ ಏನೋ — ಗ್ರೂಪ್ಸ್ ಅಂತ ಒತ್ತಿ ಅಕ್ಕಾ, ಒತ್ತಿದರು, ಬಂತು, ಒಂದೂವರೆ ಸಾಲು, ಜೀವ ಬಂತು, ನೀಲಿ ಬೆರಳು ಗಾಜಿನ ಮೇಲೆ ಒಂದೊಂದರ ಕೆಳಗೂ ನಿಲ್ಲುತ್ತ ಹೋಗುತ್ತಿದೆ, ನಾನು ಖಾಲಿ ಫಾರಮ್ಮಿನ ಬೆನ್ನಿಗೆ ಬರೆದುಕೊಳ್ಳುತ್ತಿದ್ದೇನೆ, ರಕ್ತ, ತುರ್ತು, ಹೆರಿಗೆ, ಹೆರಿಗೆ ಸೇರ್ಸಿದ ದಿನ ಅವಳಿ ಹುಟ್ಟಿದ್ವು ಕಣೋ, ಉಗ್ರಾಣ, ಅದು ಬೇಡ ಬೇಡ ಅಂದ್ರೂ ಕಟ್ಟಿದ್ರು, ಬೆರಳು ಸರಿಯುತ್ತದೆ, ನಿಲ್ಲುತ್ತದೆ, ಎಂಟನೆಯದು ಚಹಾ. ಇದೇನಕ್ಕಾ ಚಹಾ, ಯಾವುದೋ ಹಳೇ ಕಸ, ಬಿಟ್ಬಿಡ್ಲಾ? ಕಸ ಅಂದ್ರೆ ನಾಲಿಗೆಯಿಂದ ರಕ್ತ ತೆಗೀತೀನಿ, ಬರ್ಕೋ. ಬರೆದುಕೊಂಡೆ. ಅಕ್ಕ ಕಥೆ ಬಿಚ್ಚಿದರು, ಐದು ಜನ, ಒಂದು ಕೆಟಲ್, ಇವತ್ತು ಯಾರ ಸರದಿ ಅಂತ ಬರೆಯಲು ಒಂದು ಫೈಲು, ಬೇರೆ ಯಾರೂ ತೆರೆಯದ ಹಾಗೆ ಗುರುಗಳೇ ಕಟ್ಟಿಕೊಟ್ಟ ಗುಂಪು, ಒಬ್ಬರು ವರ್ಗವಾದರು, ಇಬ್ಬರು ನಿವೃತ್ತರಾದರು, ಗುರುಗಳು ದೊಡ್ಡವರಾಗಿ ತಮ್ಮ ಕೋಣೆಯಲ್ಲೇ ಕುಡಿಯುತ್ತಾರೆ, ಹೆಸರು ತೆಗೆಸಿಕೊಂಡು ಹೋದರು, ನಾಲ್ಕು ವರ್ಷದಿಂದ ದಿನಾ ನಂದೇ ಸರದಿ ನೋಡು.

ಅದೇ ಪರದೆಯ ಮೇಲೆ ಪಕ್ಕದಲ್ಲೇ ಇನ್ನೊಂದು ಕಿಟಕಿ ತೆರೆದು ನನ್ನ ಹೆಸರಲ್ಲಿ ಒಳಹೊಕ್ಕೆ, ಈ ಸಲ ಮೊದಲು ಎ, ಆಮೇಲೆ ಜಿ, ಹನ್ನೊಂದನ್ನೂ ಕೂಡಿಸಿ ಒತ್ತಿದೆ, ಮೌನ, ಈಗ ಈ ಮೌನವನ್ನು ನಂಬುವುದು ಹೇಗೆ, ಈಗ ಹೊರಗೆ ಹೋಗಿ ಒಳಗೆ ಬನ್ನಿ ಅಕ್ಕಾ ಅಂದೆ, ಅವರು ನನ್ನ ಮುಖ ನೋಡಿದರು, ಆ ಒಂದೂವರೆ ಸಾಲು ಅಳಿಸಿಹೋಯಿತು, ಖಾಲಿ ಪರದೆ, ಫ್ರಿಜ್ಜಿನ ಗುನುಗು, ಗುಪ್ತಪದವನ್ನು ಒಂದೇ ಬೆರಳಲ್ಲಿ ಎಷ್ಟು ನಿಧಾನವಾಗಿ ಹೊಡೆಯುತ್ತಾರಪ್ಪಾ ಇವರು — ಬಂತು, ಹೋದದ್ದೆಲ್ಲ ಬಂತು, ಅವರ ಸ್ವಂತ ಹೆಸರು ಬಿಟ್ಟರೆ, ಕೊನೆಗೆ ಮಕ್ಕಳ ವಾರ್ಡೂ ಸೇರಿ ಹನ್ನೆರಡು, ಬೆರಳು ಗಾಜಿನ ಮೇಲೆ ಎಣಿಸಿ ಮುಗಿಸಿತು. ಗುರುಗಳಿಗೆ ಹೇಳ್ತೀರಾ? ನಾನ್ಯಾಕೆ ಹೇಳ್ಲಿ, ನೀನೇ ಹೇಳು, ಅವರ ಮೂಗಲ್ಲೇ ಹೇಳು, ಕ್ಯಾಂಟೀನಿನ ಸುದ್ದಿ ನಮಗೂ ಬರತ್ತೆ. ನಾಚಿಕೆಯಾಯಿತು, ಖುಷಿಯೂ ಆಯಿತು, ಹೇಳಬೇಕು, ಸೋಮವಾರ ನಾನೇ ಹೇಳುತ್ತೇನೆ, ಎದ್ದೆ. ತಾಳು, ಆ ಚಹಾ ಗುಂಪಿಗೆ ಇನ್ನೊಬ್ರನ್ನ ಸೇರ್ಸಬಹುದಾ? ಸೇರಿಸಬಹುದು, ಯಾರನ್ನ? ಕೆಳಗಡೆ ತಣ್ಣನೆ ಕೋಣೇಲಿ ಒಬ್ಬ ಇದಾನೆ, ಎಂಟು ತಿಂಗಳಾಯ್ತು, ಬಾಯಿ ಬಿಟ್ರೆ ಊರವರದ್ದೆಲ್ಲ ದನಿ ಬರತ್ತೆ, ಅವಂದೇ ದನಿ ಇವತ್ತೇ ಕೇಳಿದ್ದು. ಮತ್ತೆ ಕೂತೆ, ಎಂಟು ತಿಂಗಳಲ್ಲಿ ಎಲ್ಲರ ಹೆಸರನ್ನೂ ಎಲ್ಲೆಲ್ಲಿಗೋ ಸೇರಿಸಿದ್ದೇನೆ, ನನ್ನದನ್ನು ಇಂಥ ಕಡೆ ಹೊಡೆಯುವುದು ಇದೇ ಮೊದಲು, ಆಜ್ಞೆ, ಎ, ಜಿ, ಚಹಾ, ನನ್ನ ಹೆಸರು, ಇನ್ನು ಒತ್ತುವುದೊಂದೇ, ಅಕ್ಕ ಬಗ್ಗಿದರು, ಇರು, ನೋಡ್ತೀನಿ, ಆಜ್ಞೆಯ ಮೊದಲಿನಿಂದ ಒಂದೊಂದೇ ಅಕ್ಷರದ ಕೆಳಗೆ ಆ ನೀಲಿ ಬೆರಳು, ಎಲ್ಲ ಸರಿಯಿದೆ ಅಕ್ಕಾ, ಎ ಇದೆ, ಬೆರಳು ಕೇಳುವುದಿಲ್ಲ, ಸರಿಯುತ್ತದೆ, ನಿಲ್ಲುತ್ತದೆ, ಕೊನೆಗೆ ನನ್ನ ಹೆಸರಿನ ಕೆಳಗೆ ಬಂದು, ಗಾಜನ್ನು ಒತ್ತಿಕೊಂಡು, ಆ ನೀಲಿ ಬೆರಳು ನಿಂತಿತು, ಹೂಂ, ಈಗ ಒತ್ತು —