ಟವೆಲ್ಲಿನ ಹಿಂದಿನ ಕಾರು

ಗೆರಿ ಮತ್ತ ಏರ್ತು, ಅಯ್ಯ ಹೌದಲ್ಲ, ಏರ್ತು — ಮೃದುಲಾಳ ತೊಡಿ ಮ್ಯಾಲಿನ ಲ್ಯಾಪ್‌ಟಾಪಿನಾಗ, ಡಿಕ್ಕಿಗೆ ಹಚ್ಚಿದ ಸೆನ್ಸರ್ ಬರಿಯೂ ಆ ಹಸಿರು ಗೆರಿ ಏರಿತಂದ್ರ ಹಿಂದಿನ ಕಾರು ಇನ್ನಷ್ಟು ದೂರ ಉಳೀತಂತ ಅರ್ಥ, ಆದ್ರ ಆ ಕಾರು ನಡಸಾಕತ್ತವ್ರು ಯಾರು, ಹೊಳ್ಳಿ ನೋಡೂ ಹಂಗಿಲ್ಲ, ಹಿಂದಿನ ಗಾಜಿಗೆ ಟವೆಲ್ ಕಟ್ಟಿಸ್ಯಾರ ಧೀರೇಂದ್ರ ಸರ್, ಆಕಿ ಪಿಎಚ್‌ಡಿ ಗೈಡು, ಮುಂಜಾನೆ ಡಿಪಾರ್ಟ್‌ಮೆಂಟಿನ ಬಾಗಿಲದಾಗ ಅಂಗೈ ಚಾಚಿ, ಮೊದಲ ನೀವು ನಡೀರಿ, ಅಂತ ಎಂದಿನಂಗ ಆಕೀನ್ನ ಮುಂದ ಬಿಟ್ಟು ಆಮ್ಯಾಲೆ ಹೇಳಿದ್ರು, ನೀವು ಗಾಡಿ ನಡಸೂ ರೀತಿ ಅಳತಿ ತಗೊಂಡ ಡ್ರೈವರ್‌ಗಳೊಳಗ ಒಬ್ಬರನ್ನ ಹಿಂದ ಕಳಸ್ತೀನಿ, ಕಮಲಾಪುರ ಮುಟ್ಟೂದ್ರಾಗ ಬರೀ ಗೆರಿ ನೋಡಿ ಹೆಸರು ಹೇಳ್ರಿ, ಹೇಳಿದ್ರ ಒಬ್ಬೊಬ್ಬರ ರೀತಿ ಬ್ಯಾರೆ ಅನ್ನೂ ನಿಮ್ಮ ಲೆಕ್ಕ ಪ್ರಬಂಧದಾಗ ಇರ್ಲಿ, ಇಲ್ಲಂದ್ರ ತೆಗೀರಿ, ಮುಂದಿನ ಗಾಡಿ ಬೆನ್ನು ಹತ್ತೂದ್ರಾಗ ಎಲ್ಲಾರೂ ಒಂದೇ, ಸರಾಸರಿ ಸಾಕು — ಸಾಕಂತ! ಇಷ್ಟು ವರ್ಷದ ಬೆವರು, ನಂದೂರ ರೋಡಿನ ಬ್ಯಾಳಿ ಲಾರಿ ಹಿಂದ ಕುಡಿದ ಧೂಳು, ಎಲ್ಲಾ ನೀರಾಗ ಹೋಮ ಮಾಡಿದಂಗೇನು, ಹೆಂಗ ಒಂದೇ ಆಗ್ತಾರ್ರೀ ಸರ್, ನನ್ನ ಪಟ್ಟ್ಯಾಗಿನ ಅಕ್ರಮ್ ಭಾಯಿ ಮುಂದಿನ ಗಾಡಿಗೆ ಮೂಗು ಹಚ್ಚೇ ನಡೀತಾರ, ಜಾಗಾ ಬಿಟ್ರ ಆಟೋ ತೂರ್ತದ ಬೇಟಿ, ಅಂತಾರ, ಅನುರಾಧಾ ಮೇಡಂ ಬ್ರೇಕಿನ ದೀಪ ಕಂಡ್ರ ಸಾಕು ಜೀವ ಹೋದಂಗ ನಿಂತು, ಆಮ್ಯಾಲೆ ಓಡಿ ಬಂದು ಕೂಡಕೋತಾರ, ಇದು ಅವರಿಬ್ಬರ ಗೆರಿ ಅಲ್ಲವೇ ಅಲ್ಲ, ಉಳಿದವರದೂ ಅಲ್ಲ.

ಅಕ್ಕಾ, ಲಗೂ ಹೇಳ್ರಿ, ಅಂತ ಕಾರು ನಡಸಾಕತ್ತ ಅತುಲ, ಜೂನಿಯರ್ ಹುಡುಗ, ಕೆಣಕ್ತಾನ, ಅಗೋ ಕೆಂಪು ಬಾಳೆಹಣ್ಣಿನ ಗಾಡಿ ಕಾಣಾಕತ್ತಾವ, ಕಮಲಾಪುರ ಬಂದೇ ಬಿಡ್ತು — ಸುಮ್ನಿರೋ, ನೋಡಲ್ಲಿ, ನಡುವ ಬೈಕ್ ತೂರಿ ಗೆರಿ ತಟಕ್ಕನ ಬಿತ್ತು, ಬೈಕ್ ದಾಟಿದ ಮ್ಯಾಲೆ ಮೊದಲಿಗಿಂತ ಎತ್ತರಕ್ಕ ಏರ್ತು, ಬ್ಯಾರೆಯವರಾದ್ರ ಹಾರ್ನ್ ಹೊಡೆದು ಬೈದು ಜಾಗಾ ಕಸಗೋತಿದ್ರು, ಈ ಪುಣ್ಯಾತ್ಮ ಹಿಂದಕ್ಕ ಸರೀತಾನ, ಬೈಕಿಗೆ ಬಿಟ್ಟ, ಟಂಟಂ ಆಟೋಕ್ಕ ಬಿಟ್ಟ, ಊರಿಗೇ ಜಾಗಾ ಬಿಡಾಕತ್ತಾನ, ಹಿಂಗ ನಡಸವ್ರು ತನ್ನ ಲೆಕ್ಕದಾಗ ಒಬ್ಬರೂ ಇಲ್ಲ, ಹೋತು, ಸೋತೆ — ತಡಿ, ಚಹಾದಂಗಡ್ಯಾಗ ತನ್ನ ಕಪ್ಪು ಮಂದಿಗೆ ದಾಟಿಸಿ ಕಡೀಕ ಆರಿದ್ದು ಕುಡಿಯೂ ಅಂಗೈ, ಲಿಫ್ಟಿನಾಗ ಎಲ್ಲಾರನ್ನೂ ತುಂಬಿ ತಾ ಹೊರಗ ಉಳಿಯೂ ಅಂಗೈ, ಮೊದಲ ನೀವು, ಮೊದಲ ನೀವು — ಅಯ್ಯ ನನ್ನಪ್ಪಾ!

ನಿಲ್ಲಸೋ ಅತುಲ, ನಾ ಅಳತಿ ತಗೊಂಡವರು ಯಾರೂ ಅಲ್ಲ, ಸರ್ ಅದಾರ, ಸರ್ರೇ ನಡಸಾಕತ್ತಾರ! ಅತುಲ ತಡಕೊಂಡಿದ್ದ ನಗು ಬುಸ್ಸಂತ ಹೊರಗ ಬಂತು, ಹೌದ್ರೀ ಅಕ್ಕಾ, ಯಾರಿಗೂ ಹೇಳಬ್ಯಾಡ ಅಂದಿದ್ರು, ಅಂತಾನ, ಮೋಸ ಮಾಡಾಕ ಹೋಗಿ ತಾವೇ ಸಿಕ್ಕಬಿದ್ರಲ್ಲ, ಹುಟ್ಟುಗುಣ ಸುಟ್ರೂ ಹೋಗೂದಿಲ್ಲ, ಮೃದುಲಾಗ ಅಳೂನೂ ನಗೂನೂ ಕೂಡೇ ಬಂತು, ಟವೆಲ್ ಜಗ್ಗಿ ಕಿತ್ತಳು, ಬಿಸಲು ಕಣ್ಣಿಗೆ ಹೊಡೀತು, ಎಷ್ಟೋ ದೂರದಾಗ ನಿಂತ ಬಿಳಿ ಕಾರು, ನಡುವ ಬಾಳೆಹಣ್ಣಿನ ಬುಟ್ಟಿ ಹೊತ್ತು ರೋಡ್ ದಾಟ್ಲೋ ಬ್ಯಾಡೋ ಅಂತ ನಿಂತ ಹೆಣ್ಮಗಳು, ಎಲ್ಲಾರೂ ಒಂದೇ ಅಂದವರ ಕಿಟಕಿಯಿಂದ ಹೊರಗ ಚಾಚಿದ ಅಂಗೈ — ಮೊದಲ ನೀವು — ಆ ಅಂಗೈ.