ಬೆಚ್ಚಗಿನ ಅಂಗಿ

ಊರಿಗೆಲ್ಲ ಆತ್ಮಕಥೆ ಬರೆದುಕೊಟ್ಟವನು ನಾನು. ಪುಸ್ತಕದ ಮೇಲೆ ಅವರ ಹೆಸರು; ಬರೆದವನು ನಾನೆಂದು ಎಲ್ಲೂ ಬಾಯಿ ಬಿಡಬಾರದೆಂಬ ಕರಾರು. ಸಿಮೆಂಟ್ ಕಾರ್ಖಾನೆಯ ಯಜಮಾನರದ್ದು ಬರೆಯುವಾಗ ತಾಯಿಯ ಅಧ್ಯಾಯಕ್ಕೆ ಬಂದು ಕೈಕಟ್ಟಿ ಕೂತೆ.

"ಅಮ್ಮ ಹೋದಾಗ ನಂಗೆ ಎರಡೇ ವರ್ಷ ಕಣ್ರೀ. ಏನಾದ್ರೂ ಚೆನ್ನಾಗಿರೋದು ಬರ್ಕೊಳ್ಳಿ," ಎಂದರು. ನೆನಪಿಲ್ಲದವರಿಗೂ ಅಧ್ಯಾಯ ಮಾತ್ರ ಬೇಕು.

ನನ್ನ ಅಮ್ಮನನ್ನೇ ಬರೆದೆ. ಚಳಿಗಾಲದ ಬೆಳಗ್ಗೆ ಅವಳು ತಂಬಿಗೆಗೆ ಕೆಂಡ ತುಂಬಿ, ಅಂಗಿಗೆ ಇಸ್ತ್ರಿ ಮಾಡಿ, ಆರುವ ಮೊದಲೇ ತೊಡಿಸುತ್ತಿದ್ದಳು. ಶಾಲೆಯ ಬಾಗಿಲಿನವರೆಗೂ ಆ ಬಿಸಿ ಬೆನ್ನಿಗಿರುತ್ತಿತ್ತು. ಯಜಮಾನರು ಆ ಪುಟವನ್ನು ಸಭೆಸಭೆಯಲ್ಲೂ ಓದಿ ಕಣ್ಣೊರೆಸಿಕೊಂಡರು. ತಾವೇ ನಂಬಿಬಿಟ್ಟಿದ್ದರೋ ಏನೋ. ಪುಸ್ತಕ ಮನೆಮನೆ ತಲುಪಿತು.

ಕಳೆದ ವಾರ ಅಮ್ಮ ತೀರಿಕೊಂಡಳು. ಬಂಧುಗಳೆಲ್ಲ ಸೇರಿದ್ದಾಗ ಎರಡು ಮಾತು ಹೇಳು ಎಂದರು. ಬೇರೇನೂ ಬಾಯಿಗೆ ಬರಲಿಲ್ಲ. ಅಂಗಿಯ ಕಥೆ ಹೇಳಿದೆ. ಕೂತವರು ಮುಖ ಮುಖ ನೋಡಿಕೊಂಡರು.

ಸೋದರಮಾವ ಪಕ್ಕಕ್ಕೆ ಕರೆದರು. "ಅದು ಆ ಸಿಮೆಂಟ್ ಯಜಮಾನರ ಪುಸ್ತಕದ್ದಲ್ವೇನೋ? ಹೆತ್ತ ತಾಯಿ ಬಗ್ಗೆನಾದ್ರೂ ಸ್ವಂತದ್ದು ನಾಲ್ಕು ಮಾತು ಆಡ್ಬಾರ್ದಾ?"

ಕರಾರು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಮೂಲೆಯಲ್ಲಿ ತಂಗಿ ಅಮ್ಮನ ಬಟ್ಟೆಗಳನ್ನು ಮಡಿಸುತ್ತಿದ್ದಳು. ಅದೇ ತಂಬಿಗೆಯ ಬಿಸಿಯಲ್ಲಿ ನನ್ನ ಜೊತೆ ಬೆಳೆದವಳು, ನನ್ನ ಕಸುಬು ಬಲ್ಲವಳು. ತಲೆಯೆತ್ತದೆ ಹೇಳಿದಳು:

"ಅದು ನಂದೂ ಆಗಿತ್ತಲ್ಲ ಅಣ್ಣ. ಕೊಡೋಕ್ ಮುಂಚೆ ನನ್ನನ್ನ ಒಂದ್ ಮಾತು ಕೇಳ್ಬೇಕಿತ್ತು."