ಏಳನೇ ಲಿವರ್

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುವುದಿಲ್ಲ. ಇದು ಮೊದಲೇ ಗೊತ್ತಿರಲಿ. ಆ ಭಾನುವಾರದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ.

ನಮ್ಮ ಫೋಟೊ ಕ್ಲಬ್ಬಿನಲ್ಲಿ ಇಪ್ಪತ್ತೆರಡು ಜನ. ಇಪ್ಪತ್ತೊಂದು ಜನಕ್ಕೆ ಅದು ಹವ್ಯಾಸ, ನನಗೊಬ್ಬಳಿಗೆ ಹೊಟ್ಟೆಪಾಡು. ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆಯುವ ಸಣ್ಣ ಸ್ಟುಡಿಯೊ ನನ್ನದು: ಒಂದು ಸ್ಟೂಲು, ಒಂದು ಬಿಳಿ ಪರದೆ, ಬಂದವರು ತಲೆ ಬಾಚಿಕೊಳ್ಳಲು ಗೋಡೆಗೊಂದು ಕನ್ನಡಿ. ಕೆಲಸ ಬಲ್ಲವಳು ಎಂದು ನನ್ನನ್ನೇ ಕಾರ್ಯದರ್ಶಿ ಮಾಡಿದರು. ಕಾರ್ಯವೆಲ್ಲ ನನ್ನದು, ದರ್ಶನ ಕೊಡುವುದು ಅಧ್ಯಕ್ಷರದು. ಅಧ್ಯಕ್ಷರು ಹಲ್ಲಿನ ಡಾಕ್ಟರು. ಐದು ಲೆನ್ಸು, ಎರಡು ಕ್ಯಾಮೆರಾ, ಜೇಬುಗಳೇ ತುಂಬಿದ ಒಂದು ಜಾಕೆಟ್ಟು. ಮಾತು ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಬೇರೆಯವರ ಬಾಯಿ ತೆರೆಸಿ, ತಾವೇ ಮಾತಾಡಿ ರೂಢಿ ಅವರಿಗೆ.

ಊರಿನ ಹಳೆಯ ರೈಲ್ವೆ ಜಾಗಗಳಿಗೆಲ್ಲ ಒಂದು ಭಾನುವಾರ ಕ್ಯಾಮೆರಾ ಹಿಡಿದು ಹೋಗೋಣ ಎಂದು ಸೂಚಿಸಿದವಳು ನಾನೇ. ಉಗಿ ಇಂಜಿನ್ನಿಗೆ ನೀರು ತುಂಬುತ್ತಿದ್ದ ತೊಟ್ಟಿ, ಮುಚ್ಚಿಹೋದ ಗೂಡ್ಸ್ ಶೆಡ್ಡು, ಎಲ್ಲಕ್ಕಿಂತ ಮುಖ್ಯವಾಗಿ ಸಿಗ್ನಲ್ ಕ್ಯಾಬಿನ್. ಮೂರು ಕಚೇರಿಗೆ ಅಲೆದು ಅನುಮತಿ ತಂದೆ. ಯಾರು ಯಾರ ಕಾರಿನಲ್ಲಿ, ಯಾರಿಗೆ ಮಂಡಿನೋವು, ಯಾರು ಬೆಳಗಿನ ಬಿಸಿಲು ಬೇಕೇ ಬೇಕೆಂದು ಹಟ ಹಿಡಿಯುತ್ತಾರೆ, ಎಲ್ಲ ಪಟ್ಟಿ ಮಾಡಿದೆ, ಪೋಸ್ಟರನ್ನೂ ನಾನೇ ಬರೆದೆ. ಇಷ್ಟೆಲ್ಲ ಕ್ಲಬ್ಬಿಗಾಗಿ ಅಲ್ಲ, ಮಾವನಿಗಾಗಿ.

ಮಾವ ಎಂದರೆ ಅಮ್ಮನ ತಮ್ಮ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ನನ್ನನ್ನೂ ಮನೆಗೆ ತಂದು ಇಟ್ಟುಕೊಂಡವನು. ಆ ಕ್ಯಾಬಿನ್ನಿನಲ್ಲಿ ಮೂವತ್ತೊಂದು ವರ್ಷ ರೈಲಿಗೆ ಸಿಗ್ನಲ್ ಕೊಡುವ, ಹಳಿ ಬದಲಿಸುವ ಲಿವರ್ ಎಳೆದಿದ್ದಾನೆ. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿನ ಬೆಂಚಿನ ಮೇಲೆ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಸಾಲಾಗಿ ಇಪ್ಪತ್ನಾಲ್ಕು ಲಿವರು, ನನ್ನ ತಲೆಗಿಂತ ಎತ್ತರ. ಕೆಳಗೆ ಬಣ್ಣ, ಮೇಲಿನ ಹಿಡಿ ಮಾತ್ರ ಬರಿಯ ಉಕ್ಕು, ಮುಖ ಕಾಣುವಷ್ಟು ಹೊಳಪು. ಅಲ್ಲಿ ಒಂದೇ ಕಟ್ಟಳೆ: ಬರಿಗೈಯಲ್ಲಿ ಮುಟ್ಟಬಾರದು. ಕೈಯ ಬೆವರು ತಾಗಿದರೆ ಉಕ್ಕಿಗೆ ತುಕ್ಕು. ಅದಕ್ಕೇ ಮಾವನ ಹೆಗಲ ಮೇಲೆ ಸದಾ ಒಂದು ಹಳೆಯ ಬಟ್ಟೆ. ರೈಲು ಬರಲಿ ಬಿಡಲಿ, ಬಟ್ಟೆ ಸುತ್ತಿಯೇ ಎಳೆಯುವುದು, ಬಿಟ್ಟ ಮೇಲೆ ಒರೆಸುವುದು. ಕ್ಯಾಬಿನ್ ಮುಚ್ಚಿ ಹನ್ನೊಂದು ವರ್ಷವಾದರೂ ವಾರಕ್ಕೊಮ್ಮೆ ಬೀಗ ತೆಗೆದು ಇಪ್ಪತ್ನಾಲ್ಕನ್ನೂ ಒರೆಸಿ ಬರುತ್ತಿದ್ದ. ನಿನ್ನ ಮಾವನಿಗೆ ತಲೆ ಕೆಟ್ಟಿದೆ ಎಂದು ಅತ್ತೆ ಹೇಳುತ್ತಿದ್ದಳು, ಹೇಳುತ್ತಲೇ ಹಳೆಯ ಸೀರೆ ಹರಿದು ಬಟ್ಟೆ ಮಾಡಿ ಕೊಡುತ್ತಿದ್ದಳು.

ಈಗ ಆ ಜಾಗಕ್ಕೆ ಹೊಸ ಪಾರ್ಕಿಂಗ್ ಬರುವುದಿತ್ತು. ಕ್ಯಾಬಿನ್ನನ್ನು ಉಳಿಸಬೇಕೋ ಕೆಡವಬೇಕೋ ಎಂದು ನೋಡಲು ಸೋಮವಾರ ಹತ್ತು ಗಂಟೆಗೆ ಒಂದು ಸಮಿತಿ ಬರುತ್ತದೆ. ಲಿವರುಗಳು ಸುಸ್ಥಿತಿಯಲ್ಲಿದ್ದು ಎಳೆದರೆ ಬರಬೇಕು, ಇಲ್ಲದಿದ್ದರೆ ಗುಜರಿ. ಅದರ ಹಿಂದಿನ ದಿನವೇ ಇಪ್ಪತ್ತು ಜನ ಬಂದು ಫೋಟೊ ತೆಗೆದರೆ, ಈ ಕ್ಯಾಬಿನ್ನಿಗೂ ಕೇಳುವವರಿದ್ದಾರೆ ಎಂದು ತೋರಿಸಬಹುದಲ್ಲ ಎಂಬುದು ನನ್ನ ಲೆಕ್ಕಾಚಾರ. ಮಾವ ಮೊದಲು ಬೇಡವೆಂದ. ನಾನು ಬಿಡಲಿಲ್ಲ. ಕೊನೆಗೆ ಬೀಗದ ಕೈ ಕೊಟ್ಟು, "ನಿನ್ನ ಕೈ ಬಿಟ್ಟು ಇದು ಎಲ್ಲೂ ಹೋಗಬಾರದು, ಪುಟ್ಟಿ" ಅಂದ. ನನ್ನ ವಯಸ್ಸು ನಲವತ್ತನಾಲ್ಕು. ಅವನಿಗೆ ಇನ್ನೂ ಪುಟ್ಟಿ.

ಬುಧವಾರ ಡಾಕ್ಟರು ಬೀಗದ ಕೈ ಕೇಳಿದರು. ಬೆಳಕು ಎಲ್ಲಿಂದ ಬೀಳುತ್ತದೆ ಎಂದು ಮುಂಚೆಯೇ ನೋಡಬೇಕಂತೆ. ನಾನು ಅವತ್ತು ಒಂದು ಕಾರ್ಖಾನೆಯಲ್ಲಿ ನೂರಾ ಎಂಬತ್ತು ಜನರ ಗುರುತಿನ ಚೀಟಿಯ ಫೋಟೊ ತೆಗೆಯಬೇಕಿತ್ತು. ಬರಿಗೈ ಆಗದು ಎಂದು ಎರಡು ಸಲ ಹೇಳಿ ಕೊಟ್ಟುಬಿಟ್ಟೆ. ಸಂಜೆ ಬೀಗದ ಕೈ ವಾಪಸು ಬಂತು. ಮಾವನಿಗೆ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಎಲ್ಲರೂ ಕ್ಯಾಬಿನ್ನಿನ ಕೆಳಗೆ ಸೇರಿದೆವು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಹೆಗಲಿಗೆ ಹೊಸ ಬಟ್ಟೆ ಏರಿಸಿಕೊಂಡು ಬಂದಿದ್ದ. ಬಂದವರಿಗೆ ಎಂದು ಇನ್ನೂ ಇಪ್ಪತ್ತೆರಡು ಬಟ್ಟೆ ಮಡಿಸಿ ಒಂದು ಚೀಲದಲ್ಲಿ ತಂದಿದ್ದ. ಆ ಚೀಲ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೆಟ್ಟಿಲು ಹತ್ತಿ, ಬೀಗ ತೆಗೆದು, ಒಳಗೆ ಕಾಲಿಟ್ಟ ಮಾವ ಅಲ್ಲೇ ನಿಂತ. ಹಿಂದಿನಿಂದ ಇಣುಕಿದೆ. ಇಪ್ಪತ್ನಾಲ್ಕು ಹಿಡಿಗಳೂ ಕೆಂಪು. ಚಿಮುಕಿಸಿದ ಹಾಗೆ ಚುಕ್ಕೆ ಚುಕ್ಕೆ ತುಕ್ಕು, ಕೆಲವು ಕಡೆ ಹರಿದು ಇಳಿದ ಗೆರೆ. ಸೂರು ಸೋರಿತೇ ಎಂದು ಮೇಲೆ ನೋಡಿದೆ. ಒಣಗಿತ್ತು. ಮಾವ ಹತ್ತಿರದ ಲಿವರಿನ ಮೇಲೆ ಬೆರಳಿಟ್ಟು, ಆ ಬೆರಳನ್ನು ನಾಲಿಗೆಗೆ ತಾಗಿಸಿ, "ಉಪ್ಪು" ಅಂದ.

ಅಷ್ಟರಲ್ಲಿ ಡಾಕ್ಟರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಮುಖದಲ್ಲಿ ಹಬ್ಬ. ನಾಲ್ಕೇ ದಿನಕ್ಕೆ ಇಷ್ಟು ಚೆನ್ನಾಗಿ ಬರುತ್ತದೆ ಅಂದುಕೊಂಡಿರಲಿಲ್ಲವಂತೆ. ಕ್ಲಿನಿಕ್ಕಿನಲ್ಲಿ ಬಾಯಿ ತೊಳೆಯುವ ಸಿರಿಂಜಿಗೆ ಉಪ್ಪುನೀರು ತುಂಬಿ, ಒಂದೊಂದು ಹಿಡಿಗೂ ಎಳೆ ಎಳೆಯಾಗಿ ಬಿಟ್ಟರಂತೆ. ಬೇಕಾದಲ್ಲಿ ಬೇಕಾದಷ್ಟೇ ತುಕ್ಕು ತರಿಸುವುದೂ ಒಂದು ಕಲೆಯಂತೆ. ಜನರ ಹಲ್ಲಿನ ಕೊಳೆ ತೆಗೆದು ಬದುಕುವ ಮನುಷ್ಯ ಇದನ್ನು ನಮ್ಮೆಲ್ಲರಿಗೂ ವಿವರಿಸುತ್ತ ನಿಂತಿದ್ದ. ಇಷ್ಟು ಹೊತ್ತು ಮರ್ಯಾದೆಯಿಂದ 'ಅವರು' ಎಂದೆ. ಇನ್ನು ನನ್ನಿಂದ ಆಗುವುದಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ಉಪ್ಪು ಎರಚಿದವನೊಬ್ಬ, ನೀರು ಕುಡಿಯಬೇಕಾದವನು ಇನ್ನೊಬ್ಬ. ಮಾವ ಹೆಗಲ ಬಟ್ಟೆ ತೆಗೆದು ಒಂದನೇ ಲಿವರನ್ನು ಒರೆಸಿದ. ಹೋಗಲಿಲ್ಲ. ಎರಡನೆಯದನ್ನು ಒರೆಸಿದ. ಹೋಗಲಿಲ್ಲ. ಮತ್ತೆ ಒಂದನೆಯದಕ್ಕೇ ಹಿಂತಿರುಗಿದ. ಆಗ ಕೇಳಿಸಿತು ನನಗೆ, ಕಟಕ್ ಕಟಕ್ ಎಂದು ಶಟರ್ ಸದ್ದು. ಒಬ್ಬನಲ್ಲ, ಏಳೆಂಟು ಜನ. ಕಿಟಕಿಯ ಬೆಳಕು, ತುಕ್ಕು, ಅಳು ನುಂಗುತ್ತಿರುವ ಮುದುಕ. ಎಂಥಾ ಭಾವ ಎಂದು ಯಾರೋ ಪಿಸುಗುಟ್ಟಿದರು.

ಹತ್ತಿರವಿದ್ದ ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿದೆ. ಏನು ಮಾತಾಡಿದೆನೋ ಎಲ್ಲ ನೆನಪಿಲ್ಲ. ನಾಳೆ ಹತ್ತಕ್ಕೆ ಸಮಿತಿ ಬರುವುದು ಗೊತ್ತಿದ್ದೂ ಇದನ್ನು ಮಾಡಿದೆಯಲ್ಲ, ನಿನ್ನ ಕುರ್ಚಿಗೆ ಬಂದು ಬಾಯಿ ತೆರೆಯುವವರ ಗತಿಯೇನು ಎಂದು ಕೇಳಿದ್ದು ನೆನಪಿದೆ. ಅವನು ಒಂದು ಹೆಜ್ಜೆ ಹಿಂದೆ ಹೋದ. ಸಮಿತಿಯ ವಿಷಯ ತಲೆಗೇ ಹೊಳೆಯಲಿಲ್ಲ ಎಂದ. ಆಮೇಲೆ ನಿಜವಾಗಿಯೂ ಅರ್ಥವಾಗದವನ ಹಾಗೆ ಹೇಳಿದ:

"ಮೇಡಂ, ನೀವೇ ಬರೆದಿದ್ರಲ್ಲ. ಪೋಸ್ಟರಲ್ಲಿ. 'ತುಕ್ಕು ಹಿಡಿದ ಇತಿಹಾಸದ ನಡುವೆ ಒಂದು ಬೆಳಗು' ಅಂತ. ಬುಧವಾರ ಬಂದು ನೋಡಿದ್ರೆ ಇಲ್ಲಿ ತುಕ್ಕೇ ಇಲ್ಲ. ಎಲ್ಲಾ ಆಸ್ಪತ್ರೆ ಥರ ಹೊಳೀತಾ ಇದೆ. ಬಂದೋರಿಗೆ ಏನು ತೋರ್ಸೋದು?"

ಹೌದು, ಬರೆದವಳು ನಾನು. ಪೋಸ್ಟರ್ ಅಂದಮೇಲೆ ಒಂದು ಗತ್ತು ಬೇಕಲ್ಲ. ಹೊಳೆಯುವ ಉಕ್ಕಿನ ನಡುವೆ ಎಂದು ಬರೆದರೆ ಯಾರು ಬರುತ್ತಾರೆ? ಮೂವತ್ತೊಂದರ ಮೇಲೆ ಹನ್ನೊಂದು ವರ್ಷ ಒಬ್ಬ ಮನುಷ್ಯ ತುಕ್ಕು ಬಾರದಂತೆ ನೋಡಿಕೊಂಡಿದ್ದ ಜಾಗವದು. ಅದರ ಮೇಲೆ ನಾನು ಒಂದೇ ಸಾಲಿನಲ್ಲಿ ತುಕ್ಕು ಬರೆದಿದ್ದೆ, ಕೂತಲ್ಲೇ. ಸಿರಿಂಜಾದರೂ ಬೇಕಾಗಲಿಲ್ಲ ನನಗೆ.

ಮಾವ ತಿರುಗಿ ನನ್ನನ್ನು ನೋಡಿದ. "ಕೀಲಿ ಇವ್ರ ಕೈಗೆ ಕೊಟ್ಟಿದ್ಯಾ?"

ಕೊಟ್ಟಿದ್ದೆ ಎಂದೆ. ಅವನು ಮತ್ತೆ ಲಿವರಿನ ಕಡೆ ತಿರುಗಿದ. ಆ ದಿನ ನನ್ನ ಹತ್ತಿರ ಮಾತೂ ಆಡಲಿಲ್ಲ.

ಅವನು ಬೈದಿದ್ದರೆ ನಾನು ಅಲ್ಲಿಯೇ ಕೂತು ಅಳುತ್ತಿದ್ದೆನೋ ಏನೋ. ಬೈಯದಿದ್ದಕ್ಕೆ ಸಿಟ್ಟು ಇನ್ನೂ ಏರಿತು. ನನ್ನ ಮೇಲಿನದನ್ನೂ ಸೇರಿಸಿ ಎಲ್ಲರ ಮೇಲೆ ಸುರಿದೆ. ಪ್ರವಾಸ ರದ್ದು, ತೊಟ್ಟಿಯೂ ಇಲ್ಲ, ಶೆಡ್ಡೂ ಇಲ್ಲ, ಇರುವವರು ಕ್ಯಾಮೆರಾ ಕೊಟ್ಟು ಬಟ್ಟೆ ತೆಗೆದುಕೊಳ್ಳಿ, ಆಗದವರಿಗೆ ಮೆಟ್ಟಿಲು ಅಲ್ಲಿದೆ ಎಂದೆ. ಭಾನುವಾರ ಹಾಳಾಯಿತು ಎಂದು ಗೊಣಗುತ್ತ ಒಂಬತ್ತು ಜನ ಇಳಿದುಹೋದರು. ಉಳಿದವರ ಕ್ಯಾಮೆರಾಗಳನ್ನು ಮೂಲೆಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಡಾಕ್ಟರ್ ಹೋಗಲಿಲ್ಲ. ನಾನು ಬಿಡುತ್ತಲೂ ಇರಲಿಲ್ಲ. ಕ್ಲಿನಿಕ್ಕಿಗೆ ಓಡಿಸಿ, ಹಲ್ಲಿಗೆ ಹೊಳಪು ಕೊಡುವ ಪುಡಿ, ಸಣ್ಣ ಬ್ರಷ್ಷು, ಚೂಪು ಕಡ್ಡಿ ಎಲ್ಲ ತರಿಸಿದೆ.

ಮಾವ ಸೀಮೆಎಣ್ಣೆ ಮತ್ತು ಎಮರಿ ಕಾಗದ ತಂದ. ಉಕ್ಕಿನ ಉದ್ದಕ್ಕೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ ಎಂದು ಒಬ್ಬೊಬ್ಬರಿಗೂ ತೋರಿಸಿಕೊಟ್ಟ. ಡಾಕ್ಟರಿಗೂ ತೋರಿಸಿಕೊಟ್ಟ, ಏನೂ ಆಗಿಲ್ಲವೆನ್ನುವಷ್ಟು ಸಮಾಧಾನದಿಂದ. ಬೆಳಗಿನಿಂದ ಸಂಜೆಯವರೆಗೆ ಹದಿಮೂರು ಜನ ಬಗ್ಗಿ ನಿಂತು ಉಜ್ಜಿದೆವು. ಮಂಡಿನೋವಿನವರು ನೆಲದಲ್ಲಿ ಕೂತು ಬುಡ ಒರೆಸಿದರು. ಡಾಕ್ಟರ್ ಹಿಡಿಯ ಹಿಂದೆ ಲಿವರನ್ನು ಕಚ್ಚಿ ನಿಲ್ಲಿಸುವ ಕೊಕ್ಕೆಯ ಸಂದಿಗೆ ಕಡ್ಡಿ ತೂರಿಸಿ, ಒಂದೊಂದು ಹಲ್ಲು ನೋಡುವ ಹಾಗೆಯೇ ನೋಡಿ ಉಪ್ಪು ಕೆರೆದ. ಕೆಲಸ ಚೆನ್ನಾಗಿ ಮಾಡಿದ ಎಂದು ಹೇಳಲು ನನಗೆ ಇಷ್ಟವಿಲ್ಲ, ಆದರೆ ಮಾಡಿದ. ಐದು ಗಂಟೆಯ ಹೊತ್ತಿಗೆ ಇಪ್ಪತ್ಮೂರು ಲಿವರು ಎಳೆದರೆ ಬರುತ್ತಿದ್ದವು. ಏಳನೆಯದು ಬರಲಿಲ್ಲ. ಉಪ್ಪುನೀರು ಹೆಚ್ಚಾಗಿ ಅದರ ಕೊಕ್ಕೆಯೊಳಕ್ಕೆ ಇಳಿದಿತ್ತು. ಎಣ್ಣೆ ಬಿಟ್ಟು ಬೀಗ ಹಾಕಿದೆವು. ಕೀಲಿಯನ್ನು ಮಾವನೇ ತೆಗೆದುಕೊಂಡ.

ಸೋಮವಾರ ಸಮಿತಿಯ ಮೂವರು ಬಂದರು. ಮುಂದೆ ಬಂದ ಇಂಜಿನಿಯರಮ್ಮ ಕಡಿಮೆ ಮಾತಿನವಳು, ಕಂಕುಳಲ್ಲಿ ಫೈಲು. ಒಂದರಿಂದ ಶುರುಮಾಡಿ ಎಂದಳು. ಮಾವ ಬಟ್ಟೆ ಸುತ್ತಿ ಒಂದೊಂದೇ ಎಳೆದ, ಬಿಟ್ಟ, ಒರೆಸಿದ. ಆರಾಯಿತು. ಏಳರ ಮುಂದೆ ಒಂದು ಗಳಿಗೆ ನಿಂತ. ಕಿಟಕಿಯ ಹೊರಗಿನ ಸಿಗ್ನಲ್ಲಿಗೆ ಇನ್ನೂ ತಂತಿ ಉಳಿದಿದ್ದದ್ದು ಆ ಒಂದು ಲಿವರಿಗೆ ಮಾತ್ರ. ಬಟ್ಟೆ ಸುತ್ತಿ ಎಳೆದ. ಅಲ್ಲಾಡಲಿಲ್ಲ. ಮತ್ತೆ ಎಳೆದ. ನಿನ್ನೆಯ ಎಣ್ಣೆಗೆ ಬಟ್ಟೆ ಜಾರಿ ಎರಡು ಹೆಜ್ಜೆ ಹಿಂದಕ್ಕೆ ಹೋದ.

ಇಂಜಿನಿಯರಮ್ಮ ಪೆನ್ನಿನ ಮುಚ್ಚಳ ತೆಗೆದಳು.

ಮಾವ ಬಟ್ಟೆಯನ್ನು ಹಿಂದಕ್ಕೆ, ನನ್ನ ಕಡೆಗೆ ಚಾಚಿದ. ತೆಗೆದುಕೊಂಡೆ. ಎರಡೂ ಬರಿಗೈಗಳಿಂದ ಹಿಡಿಯನ್ನು ಬಿಗಿಯಾಗಿ ಹಿಡಿದ. ಹುಟ್ಟಿದಾಗಿನಿಂದ ನಾನು ನೋಡಿರದ ನೋಟವದು. ಒಂದು ಕಾಲು ಚೌಕಟ್ಟಿಗೆ ಕೊಟ್ಟು, ಹಲ್ಲು ಕಚ್ಚಿ, ಇಡೀ ಮೈಯನ್ನು ಹಿಂದಕ್ಕೆ ಬಿಟ್ಟ. ಒಳಗೆಲ್ಲೋ ಕಟ್ಟೆಂದಿತು. ಲಿವರ್ ಅವನ ಎದೆಯವರೆಗೂ ಬಂತು. ಹೊರಗೆ ಹನ್ನೊಂದು ವರ್ಷ ಮಲಗಿದ್ದ ಸಿಗ್ನಲ್ಲಿನ ತೋಳು ಕಿರುಗುಟ್ಟುತ್ತ ಎದ್ದು ನಿಂತಿತು.

ಇಂಜಿನಿಯರಮ್ಮ ಕಿಟಕಿಯಿಂದ ನೋಡಿದಳು, ಬರೆದುಕೊಂಡಳು. ಉಳಿದ ಹದಿನೇಳನ್ನೂ ಎಳೆಸಿ ನೋಡಿದಳು. ಇಳಿಯುವಾಗ, ಇದನ್ನು ಕೆಡವುವ ಮಾತಿಲ್ಲ ಎಂದಳು.

ಮಾವ ನಗಲಿಲ್ಲ, ಕೂರಲಿಲ್ಲ. ಏಳನೇ ಲಿವರಿನ ಹತ್ತಿರ ಹೋಗಿ ನಿಂತ. ಹೊಳೆಯುವ ಉಕ್ಕಿನ ಮೇಲೆ ಅವನ ಹತ್ತು ಬೆರಳೂ ಒದ್ದೆಯಾಗಿ ಮೂಡಿದ್ದವು.

"ಒರೆಸು" ಅಂದ.

ಒರೆಸಿದೆ, ಉಕ್ಕಿನ ಉದ್ದಕ್ಕೆ, ಅವನು ಸಾಕು ಅನ್ನುವವರೆಗೆ. ಆಮೇಲೆ ಬಾಗಿಲಿಗೆ ಬೀಗ ಹಾಕಿ ಅವನು ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡ. ನಾನು ಕೇಳಲಿಲ್ಲ. ಈಗ ವಾರಕ್ಕೊಮ್ಮೆ ನಾನೂ ಜೊತೆಗೆ ಹೋಗುತ್ತೇನೆ. ಬೀಗ ತೆಗೆಯುವುದು ಅವನೇ.